ಪಿ ಮೌಲ್ಯ 0.07 ಬಂದರೆ ಪ್ರಬಂಧದಲ್ಲಿ ಏನೆಂದು ಬರೆಯಬೇಕು?

ಪ್ರಶ್ನೆ: ನಾನು ಮನೋವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿನಿ. ಕಲಿತ ಮೇಲೆ ಸ್ವಲ್ಪ ಹೊತ್ತು ನಿದ್ದೆ ಮಾಡಿದರೆ ಕಲಿತದ್ದು ಹೆಚ್ಚು ನೆನಪಿನಲ್ಲಿ ಉಳಿಯುತ್ತದೆಯೇ ಎಂದು ತಿಳಿಯಲು 60 ಜನರಿಗೆ 40 ಪದಗಳ ಪಟ್ಟಿಯೊಂದನ್ನು ಕಲಿಸಿ, ಅವರಲ್ಲಿ 30 ಜನರನ್ನು ತೊಂಬತ್ತು ನಿಮಿಷ ಮಲಗಿಸಿದೆ. ಉಳಿದ 30 ಜನ ಎಚ್ಚರವಾಗಿದ್ದರು. ಮಲಗಿದವರು ಸರಾಸರಿ 18.4 ಪದಗಳನ್ನೂ ಎಚ್ಚರವಿದ್ದವರು 16.5 ಪದಗಳನ್ನೂ ನೆನಪಿಸಿಕೊಂಡರು. ಎರಡೂ ಗುಂಪುಗಳ ಮಾನಕ ವಿಚಲನೆ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ) 4. ಟಿ ಪರೀಕ್ಷೆಯಲ್ಲಿ ಪಿ ಮೌಲ್ಯ 0.07 ಬಂದಿದೆ. ನಿದ್ದೆಯಿಂದ ಪ್ರಯೋಜನವಿಲ್ಲ ಎಂದು ಇದರ ಅರ್ಥವೇ? ಪ್ರತಿ ಗುಂಪಿಗೂ ಇನ್ನೂ ಹತ್ತು ಜನರನ್ನು ಸೇರಿಸಿ ನೋಡು ಎಂದು ಒಬ್ಬರು ಹೇಳುತ್ತಾರೆ. ಏಕಮುಖ ಪರೀಕ್ಷೆ (ಒಂದೇ ದಿಕ್ಕಿನ ವ್ಯತ್ಯಾಸವನ್ನು ಮಾತ್ರ ನೋಡುವುದು) ಮಾಡಿದರೆ ಪಿ ಮೌಲ್ಯ ರೂಢಿಯ ಮಿತಿಯಾದ 0.05ಕ್ಕಿಂತ ಕೆಳಗೆ ಬರುತ್ತದೆ ಎಂದು ಇನ್ನೊಬ್ಬರು ಹೇಳುತ್ತಾರೆ. ಜೊತೆಯಲ್ಲಿ ಪ್ರತಿಕ್ರಿಯಾ ಸಮಯ ಮತ್ತು ಮನಃಸ್ಥಿತಿಯನ್ನೂ ಅಳೆದಿದ್ದೆ; ಪ್ರತಿಕ್ರಿಯಾ ಸಮಯದಲ್ಲಿ ಪಿ 0.03 ಇದೆ. ಯಾವುದನ್ನು ಬರೆಯಲಿ? ಪ್ರಾಕ್ಕಲ್ಪನೆ (ಪರೀಕ್ಷೆಗೆ ಒಡ್ಡುವ ಊಹೆ) ಪರೀಕ್ಷೆಯನ್ನು ಬುಡದಿಂದಲೇ ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ: ನೇರ ಉತ್ತರಗಳನ್ನು ಮೊದಲೇ ಹೇಳಿಬಿಡುತ್ತೇನೆ. ನಿದ್ದೆಯಿಂದ ಪ್ರಯೋಜನವಿಲ್ಲ ಎಂದು ನಿಮ್ಮ ಫಲಿತಾಂಶ ಹೇಳುವುದಿಲ್ಲ. ಫಲಿತಾಂಶ ನೋಡಿಯಾದ ಮೇಲೆ ಹತ್ತು ಹತ್ತು ಜನರನ್ನು ಸೇರಿಸುವುದಾಗಲಿ, ಏಕಮುಖ ಪರೀಕ್ಷೆಗೆ ಹೊರಳುವುದಾಗಲಿ, ಪ್ರತಿಕ್ರಿಯಾ ಸಮಯದ 0.03ನ್ನು ಮುಖ್ಯ ಶೋಧವೆಂದು ಮುಂದಿಡುವುದಾಗಲಿ ಸಲ್ಲದು. ಇವನ್ನು ಯಾರೋ ಹಿರಿಯರು ಹಾಕಿಟ್ಟ ಕಟ್ಟುಪಾಡುಗಳೆಂದು ನೀವು ಪಾಲಿಸಬೇಕಾಗಿಲ್ಲ. ಪಿ ಮೌಲ್ಯ ಎಂಬ ಸಂಖ್ಯೆ ಹುಟ್ಟುವುದು ಹೇಗೆ ಎಂಬುದು ಒಮ್ಮೆ ಮನಸ್ಸಿಗೆ ಹತ್ತಿದರೆ ಈ ಮೂರೂ ಉತ್ತರಗಳು ತಾವಾಗಿಯೇ ಹೊರಬರುತ್ತವೆ. ಆದ್ದರಿಂದ ಅಲ್ಲಿಂದಲೇ ಆರಂಭಿಸೋಣ.

ನಿಮ್ಮ ಕೈಯಲ್ಲಿರುವುದು 1.9 ಪದಗಳ ವ್ಯತ್ಯಾಸ. ಒಬ್ಬರಿಂದ ಒಬ್ಬರಿಗೆ ನೆನಪಿನ ಶಕ್ತಿ ಬೇರೆಯಾಗಿರುವುದರಿಂದ, ನಿದ್ದೆಗೆ ಯಾವ ಪರಿಣಾಮವೂ ಇಲ್ಲದಿದ್ದರೂ 60 ಜನರನ್ನು ಎರಡು ಪಾಲು ಮಾಡಿದಾಗ ಎರಡೂ ಪಾಲಿನ ಸರಾಸರಿ ತಂತಾನೇ ಸಮನಾಗುವುದಿಲ್ಲ. ಒಂದು ಕಡೆಗೆ ಸ್ವಲ್ಪ ಹೆಚ್ಚು, ಇನ್ನೊಂದು ಕಡೆಗೆ ಸ್ವಲ್ಪ ಕಡಿಮೆ ಬಂದೇ ಬರುತ್ತದೆ. ಹಾಗಾದರೆ ಕೇಳಬೇಕಾದ ಪ್ರಶ್ನೆ ಇದು: ನಿದ್ದೆಯ ಪಾತ್ರವೇ ಇಲ್ಲದೆ, ಹಂಚಿಕೆಯ ಆಕಸ್ಮಿಕದಿಂದಷ್ಟೇ ಇಷ್ಟು ದೊಡ್ಡ ವ್ಯತ್ಯಾಸ ಬರುವುದು ಎಷ್ಟು ಅಪರೂಪ? ‘ನಿದ್ದೆಯ ಪಾತ್ರವೇ ಇಲ್ಲ’ ಎಂಬ ಆ ತಾತ್ಕಾಲಿಕ ಒಪ್ಪಿಗೆಗೆ ಶೂನ್ಯ ಪ್ರಾಕ್ಕಲ್ಪನೆ ಎಂದು ಹೆಸರು. ಅದನ್ನು ನಾವು ನಂಬುತ್ತೇವೆ ಎಂದಲ್ಲ. ಲೆಕ್ಕ ಹಾಕಲು ಒಂದು ನೆಲೆ ಬೇಕು, ಅದಕ್ಕಾಗಿ ಸದ್ಯಕ್ಕೆ ಹಾಗೆಂದುಕೊಳ್ಳುತ್ತೇವೆ.

ತರಗತಿಯಲ್ಲಿ ಇದನ್ನು ಹೇಳಿಕೊಡುವಾಗ ನಾನು ಕಾರ್ಡುಗಳನ್ನು ಬಳಸುತ್ತೇನೆ, ನೀವೂ ಒಮ್ಮೆ ಮಾಡಿ ನೋಡಬೇಕೆಂದು ಬಯಸುತ್ತೇನೆ. 60 ಜನರ ಅಂಕಗಳನ್ನು 60 ಕಾರ್ಡುಗಳ ಮೇಲೆ ಬರೆಯಿರಿ. ನಿದ್ದೆಗೆ ಪರಿಣಾಮವೇ ಇಲ್ಲವೆಂದರೆ ಪ್ರತಿಯೊಬ್ಬರೂ ಯಾವ ಗುಂಪಿನಲ್ಲಿದ್ದರೂ ಅಷ್ಟೇ ಪದಗಳನ್ನು ನೆನಪಿಸಿಕೊಳ್ಳುತ್ತಿದ್ದರು, ಅಂದರೆ ‘ಮಲಗಿದವರು’, ‘ಎಚ್ಚರವಿದ್ದವರು’ ಎಂಬವು ಬರಿಯ ಚೀಟಿಗಳು. ಆದ್ದರಿಂದ ಕಾರ್ಡುಗಳನ್ನು ಚೆನ್ನಾಗಿ ಕಲೆಸಿ ಮೂವತ್ತು ಮೂವತ್ತರಂತೆ ಎರಡು ಕಂತೆ ಮಾಡಿ, ಎರಡರ ಸರಾಸರಿಯ ವ್ಯತ್ಯಾಸವನ್ನು ಬರೆದುಕೊಳ್ಳಿ. ಮತ್ತೆ ಕಲೆಸಿ, ಮತ್ತೆ ಬರೆಯಿರಿ. ಕಂಪ್ಯೂಟರಿನಲ್ಲಿ ಇದನ್ನು 10,000 ಬಾರಿ ಮಾಡಿಸಿದರೆ, ಯಾವ ಕಡೆಗಾದರೂ ಸರಿ, 1.9 ಅಥವಾ ಅದಕ್ಕೂ ದೊಡ್ಡ ವ್ಯತ್ಯಾಸ ಹೆಚ್ಚುಕಡಿಮೆ 700 ಬಾರಿ ಬರುತ್ತದೆ. 10,000ಕ್ಕೆ 700 ಎಂದರೆ 0.07. ನಿಮ್ಮ ಪಿ ಮೌಲ್ಯ ಇದೇ. ಟಿ ಪರೀಕ್ಷೆ ಇದೇ ಕೆಲಸವನ್ನು ಕಾರ್ಡು ಕಲೆಸದೆ ಸೂತ್ರದ ಮೂಲಕ ಮಾಡುತ್ತದೆ: ವ್ಯತ್ಯಾಸವನ್ನು ಅದರ ಮಾನಕ ದೋಷದಿಂದ, ಅಂದರೆ ಆಕಸ್ಮಿಕವಾಗಿ ಸಾಮಾನ್ಯವಾಗಿ ಬರಬಹುದಾದ ಏರಿಳಿತದಿಂದ, ಭಾಗಿಸುತ್ತದೆ. ನಿಮ್ಮಲ್ಲಿ ಮಾನಕ ದೋಷ ಸುಮಾರು 1.03, ಭಾಗಲಬ್ಧ 1.84. ಈ ಸೂತ್ರವನ್ನು 1908ರಲ್ಲಿ ಕೊಟ್ಟ ವಿಲಿಯಂ ಗಾಸೆಟ್ ಡಬ್ಲಿನ್ನಿನ ಗಿನ್ನೆಸ್ ಮದ್ಯ ತಯಾರಿಕಾ ಸಂಸ್ಥೆಯ ನೌಕರರಾಗಿದ್ದರು. ಲೇಖನವನ್ನು ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಪ್ರಕಟಿಸಿದ್ದರಿಂದ ಅದು ಇಂದಿಗೂ ‘ಸ್ಟೂಡೆಂಟ್ ಟಿ’ ಎಂದೇ ಉಳಿದಿದೆ. ಕೆಲವೇ ಕೆಲವು ಅಳತೆಗಳಿಂದ ತೀರ್ಮಾನಕ್ಕೆ ಬರಬೇಕಾದ ಕಷ್ಟ ಅವರ ಕೆಲಸದಲ್ಲಿಯೂ ಇತ್ತು, ನಮ್ಮ ಪ್ರಯೋಗಾಲಯಗಳಲ್ಲಿಯೂ ಇದೆ.

ಈಗ ಮುಖ್ಯ ಮಾತು. ಪಿ ಮೌಲ್ಯ ಹೇಳುವುದು ‘ಶೂನ್ಯ ಪ್ರಾಕ್ಕಲ್ಪನೆ ನಿಜವಾಗಿದ್ದರೆ ಇಂಥ ದತ್ತಾಂಶ ಎಷ್ಟು ಅಪರೂಪ’ ಎಂಬುದನ್ನು. ‘ಇಂಥ ದತ್ತಾಂಶ ಬಂದಿರುವಾಗ ಶೂನ್ಯ ಪ್ರಾಕ್ಕಲ್ಪನೆ ನಿಜವಾಗಿರುವ ಸಂಭವವೆಷ್ಟು’ ಎಂಬುದನ್ನು ಅದು ಹೇಳುವುದಿಲ್ಲ, ಹೇಳಲಾರದು. ಈ ಎರಡು ವಾಕ್ಯಗಳು ಕಿವಿಗೆ ಒಂದೇ ಎನಿಸಿದರೂ ಅವುಗಳ ನಡುವಿನ ದೂರ ದೊಡ್ಡದು. ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂದು ಒಪ್ಪಿದ ಮಾತ್ರಕ್ಕೆ ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆ ಎಂದಾಗುವುದಿಲ್ಲ, ಕಾದ ಕಬ್ಬಿಣದ ಗುಂಡಿನಲ್ಲಿ ಹೊಗೆ ಎಲ್ಲಿದೆ ಎಂದು ನಮ್ಮ ತರ್ಕಶಾಸ್ತ್ರ ಬಹಳ ಹಿಂದೆಯೇ ಕೇಳಿದೆ. ಇಲ್ಲಿ ನಡೆಯುವ ತಪ್ಪೂ ಅದೇ ಜಾತಿಯದು. 0.07 ಎಂದರೆ ‘ನಿದ್ದೆಗೆ ಪರಿಣಾಮವಿಲ್ಲದಿರುವ ಸಂಭವ 7 ಪ್ರತಿಶತ’ ಅಲ್ಲ. ‘ಪರಿಣಾಮವಿರುವ ಸಂಭವ 93 ಪ್ರತಿಶತ’ ಅಂತೂ ಖಂಡಿತ ಅಲ್ಲ. ಈ ತಪ್ಪು ಹೊಸಬರದ್ದು ಮಾತ್ರವೆಂದು ನೀವು ಸಂಕೋಚಪಡಬೇಕಾಗಿಲ್ಲ. 2002ರಲ್ಲಿ ಹಾಲರ್ ಮತ್ತು ಕ್ರಾಸ್ ಎಂಬ ಸಂಶೋಧಕರು ಜರ್ಮನಿಯ ಆರು ವಿಶ್ವವಿದ್ಯಾಲಯಗಳ ಮನೋವಿಜ್ಞಾನ ವಿಭಾಗಗಳಲ್ಲಿ ಪಿ ಮೌಲ್ಯದ ಬಗ್ಗೆ ಆರು ಹೇಳಿಕೆಗಳನ್ನು ಕೊಟ್ಟು ಸರಿಯೋ ತಪ್ಪೋ ಗುರುತಿಸಲು ಹೇಳಿದರು. ಆರೂ ತಪ್ಪು ಹೇಳಿಕೆಗಳೇ ಆಗಿದ್ದವು. ವಿದ್ಯಾರ್ಥಿಗಳೆಲ್ಲರೂ ಕನಿಷ್ಠ ಒಂದನ್ನಾದರೂ ಸರಿ ಎಂದರು, ಸಂಖ್ಯಾಶಾಸ್ತ್ರವನ್ನೇ ಪಾಠ ಮಾಡುವವರಲ್ಲಿಯೂ 80 ಪ್ರತಿಶತ ಜನ ಹಾಗೆಯೇ ಮಾಡಿದರು.

ಆ ಎರಡು ವಾಕ್ಯಗಳ ನಡುವಿನ ದೂರದಿಂದ ಆಗುವ ಬದಲಾವಣೆ ಎಷ್ಟೆಂದು ಒಂದು ಲೆಕ್ಕದಿಂದ ನೋಡಬಹುದು. ಒಂದು ಕ್ಷೇತ್ರದಲ್ಲಿ ಸಾವಿರ ಪ್ರಾಕ್ಕಲ್ಪನೆಗಳು ಪರೀಕ್ಷೆಗೆ ಬರುತ್ತವೆ, ಅವುಗಳಲ್ಲಿ ನೂರಕ್ಕೆ ಮಾತ್ರ ನಿಜವಾದ ಪರಿಣಾಮವಿದೆ ಎಂದಿಟ್ಟುಕೊಳ್ಳಿ. ಉಳಿದ 900ರಲ್ಲಿ ಏನೂ ಇಲ್ಲದಿದ್ದರೂ 5 ಪ್ರತಿಶತ, ಅಂದರೆ 45 ಪರೀಕ್ಷೆಗಳಲ್ಲಿ ಪಿ 0.05ಕ್ಕಿಂತ ಕೆಳಗಿಳಿಯುತ್ತದೆ. ನಿಜವಾದ ನೂರರಲ್ಲಿ 80ನ್ನು ನಮ್ಮ ಪರೀಕ್ಷೆಗಳು ಹಿಡಿದವೆಂದರೆ ಒಟ್ಟು 125 ‘ಯಶಸ್ಸು’ಗಳು, ಅದರಲ್ಲಿ 45 ಹುಸಿ, ನೂರಕ್ಕೆ ಐದಲ್ಲ, ನೂರಕ್ಕೆ ಮೂವತ್ತಾರು. ಪ್ರಾಕ್ಕಲ್ಪನೆ ಮೊದಲೇ ಎಷ್ಟು ನಂಬಲರ್ಹವಾಗಿತ್ತು ಎಂಬುದು ಫಲಿತಾಂಶದ ತೂಕವನ್ನು ಹೀಗೆ ಬದಲಿಸುತ್ತದೆ. ಈ ವಿಷಯದಲ್ಲಿ ನಿಮ್ಮ ನೆಲೆ ಗಟ್ಟಿಯಾದದ್ದೇ: ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ 1924ರಲ್ಲಿಯೇ, ಇಬ್ಬರೇ ಇಬ್ಬರನ್ನು ಇಟ್ಟುಕೊಂಡು, ಕಲಿತ ಮೇಲೆ ಮಲಗಿದರೆ ಮರೆವು ಕಡಿಮೆ ಎಂದು ತೋರಿಸಿದ್ದರು, ಆಮೇಲಿನ ಬರವಣಿಗೆಯೂ ಹೇರಳವಾಗಿದೆ. ನಿಮ್ಮ 0.07ನ್ನು ಓದುವಾಗ ಆ ಹಿನ್ನೆಲೆಯನ್ನು ಮರೆತರೆ ತಪ್ಪಾಗುತ್ತದೆ.

0.05 ಎಂಬ ಗೆರೆ ಎಲ್ಲಿಂದ ಬಂತು ಎಂಬುದನ್ನೂ ಹೇಳಬೇಕು, ಏಕೆಂದರೆ ಇಂದಿನ ಗೊಂದಲದ ಬೇರು ಅಲ್ಲಿದೆ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ರೊನಾಲ್ಡ್ ಫಿಶರ್ 1925ರ ತಮ್ಮ ಪುಸ್ತಕದಲ್ಲಿ ಇಪ್ಪತ್ತರಲ್ಲಿ ಒಂದು ಎಂಬ ಮಟ್ಟ ಅನುಕೂಲಕರವೆಂದು ಬರೆದರು. ಅನುಕೂಲಕ್ಕೆಂದು ಆರಿಸಿದ ಗೆರೆ ಅದು, ಪ್ರಕೃತಿಯಲ್ಲಿ ಎಳೆದಿಟ್ಟ ಗೆರೆಯಲ್ಲ. 1935ರ ಪುಸ್ತಕದಲ್ಲಿ ಅವರು ಕೊಟ್ಟ ಉದಾಹರಣೆ ಈಗ ಪ್ರಸಿದ್ಧವಾಗಿದೆ: ಬಟ್ಟಲಿಗೆ ಮೊದಲು ಹಾಲು ಹಾಕಿದರೋ ಚಹಾ ಹಾಕಿದರೋ ಎಂದು ರುಚಿಯಿಂದಲೇ ಹೇಳಬಲ್ಲೆ ಎಂದ ಮಹಿಳೆಯೊಬ್ಬರಿಗೆ ಎಂಟು ಬಟ್ಟಲುಗಳನ್ನು, ನಾಲ್ಕು ಹೀಗೆ ನಾಲ್ಕು ಹಾಗೆ, ಯಾದೃಚ್ಛಿಕ ಕ್ರಮದಲ್ಲಿ ಕೊಡುವುದು. ಎಂಟರಲ್ಲಿ ನಾಲ್ಕನ್ನು ಆರಿಸುವ ರೀತಿಗಳು 70. ಊಹೆಯಿಂದಲೇ ನಾಲ್ಕನ್ನೂ ಸರಿಯಾಗಿ ಹೇಳುವ ಸಂಭವ 70ರಲ್ಲಿ 1, ಅಂದರೆ 0.014. ಆದರೆ ಮೂರನ್ನು ಸರಿಯಾಗಿ ಹೇಳಿ ಒಂದರಲ್ಲಿ ತಪ್ಪಿದರೆ, ಅಷ್ಟು ಅಥವಾ ಅದಕ್ಕಿಂತ ಚೆನ್ನಾಗಿ ಊಹಿಸುವ ಸಂಭವ 70ರಲ್ಲಿ 17, ಸುಮಾರು 0.24. ಎಂಟು ಬಟ್ಟಲುಗಳ ಪ್ರಯೋಗದಲ್ಲಿ ಒಂದೇ ಒಂದು ತಪ್ಪಿಗೂ ಎಡೆಯಿಲ್ಲ ಎಂಬುದನ್ನು ಗಮನಿಸಿ. ಆಕೆಗೆ ಆ ಶಕ್ತಿ ನಿಜವಾಗಿಯೂ ಇದ್ದು, ಆಗೊಮ್ಮೆ ಈಗೊಮ್ಮೆ ತಪ್ಪುವವರಾಗಿದ್ದರೆ, ಆ ಪ್ರಯೋಗ ಅದನ್ನು ಕಾಣಲಾರದು.

ಈ ಕೊರತೆಯ ಲೆಕ್ಕವನ್ನು ಸಿದ್ಧಾಂತದೊಳಕ್ಕೆ ತಂದವರು ಸಂಖ್ಯಾಶಾಸ್ತ್ರಜ್ಞರಾದ ಜೆರ್ಜಿ ನೇಮನ್ ಮತ್ತು ಎಗಾನ್ ಪಿಯರ್‌ಸನ್. 1933ರ ಅವರ ಲೇಖನದ ದೃಷ್ಟಿಯೇ ಬೇರೆ. ಫಿಶರರಿಗೆ ಪಿ ಮೌಲ್ಯ ಸಾಕ್ಷ್ಯದ ಅಳತೆ. ಇವರಿಗೆ ಪರೀಕ್ಷೆಯೆಂದರೆ ದೀರ್ಘಕಾಲದಲ್ಲಿ ತಪ್ಪುಗಳನ್ನು ಹದ್ದುಬಸ್ತಿನಲ್ಲಿಡುವ ನಿರ್ಣಯದ ನಿಯಮ. ಪರಿಣಾಮವಿಲ್ಲದಾಗ ಇದೆ ಎನ್ನುವುದು ಮೊದಲ ಬಗೆಯ ತಪ್ಪು, ಅದರ ಮಿತಿ ಆಲ್ಫಾ. ಪರಿಣಾಮವಿದ್ದರೂ ಕಾಣದೆ ಹೋಗುವುದು ಎರಡನೆಯ ಬಗೆಯ ತಪ್ಪು, ಅದರ ಸಂಭವ ಬೀಟಾ. ಇದ್ದ ಪರಿಣಾಮವನ್ನು ಹಿಡಿಯುವ ಸಂಭವವೇ ಪರೀಕ್ಷೆಯ ಸಾಮರ್ಥ್ಯ. ಇವೆಲ್ಲವನ್ನೂ ದತ್ತಾಂಶ ಕೈಗೆ ಬರುವ ಮೊದಲೇ ನಿಗದಿ ಮಾಡಿರಬೇಕು. ಫಿಶರ್ ಮತ್ತು ನೇಮನ್ ಕೊನೆಯವರೆಗೂ ಒಬ್ಬರನ್ನೊಬ್ಬರು ಒಪ್ಪಲಿಲ್ಲ. ನಮ್ಮ ಪಠ್ಯಪುಸ್ತಕಗಳು ಮಾತ್ರ ಎರಡನ್ನೂ ಬೆರೆಸಿ, ಯಾರ ಹೆಸರನ್ನೂ ಹೇಳದೆ, ಒಂದೇ ಶಾಸ್ತ್ರವೆಂಬಂತೆ ಹೇಳಿಕೊಟ್ಟವು: ಗೆರೆ ದಾಟಿತೇ ಇಲ್ಲವೇ ಎಂದು ತೀರ್ಪು ಕೊಡುವ ನಿಯಮ ನೇಮನ್ನರದು, ಗೆರೆಯ ಕೆಳಗೆ ಬಂದ ಸಂಖ್ಯೆಯನ್ನು ಓದುವ ರೀತಿ ಫಿಶರರದು. ಸಾಮರ್ಥ್ಯವೆಂಬ ಮಾತು ಈ ಬೆರಕೆಯಲ್ಲಿ ಬಹುಮಟ್ಟಿಗೆ ಕಳೆದುಹೋಯಿತು. ನನ್ನ ಅಭಿಪ್ರಾಯದಲ್ಲಿ ಮನೋವಿಜ್ಞಾನಕ್ಕೆ ಆದ ದೊಡ್ಡ ನಷ್ಟ ಅದೇ.

ನಿಮ್ಮ ಅಧ್ಯಯನದ ನಿಜವಾದ ತೊಂದರೆಯೂ ಅಲ್ಲಿಯೇ ಇದೆ. ಮನೋವಿಜ್ಞಾನಿ ಜೇಕಬ್ ಕೋಹೆನ್ ಪರಿಣಾಮದ ಗಾತ್ರವನ್ನು ಮಾನಕ ವಿಚಲನೆಯ ಅಳತೆಯಲ್ಲಿ ಹೇಳುವ ರೂಢಿಯನ್ನು ಬೆಳೆಸಿ, 0.2 ಸಣ್ಣದು, 0.5 ಮಧ್ಯಮ, 0.8 ದೊಡ್ಡದು ಎಂಬ ಸ್ಥೂಲ ಗುರುತುಗಳನ್ನು ಕೊಟ್ಟರು. ದ್ವಿಮುಖ ಪರೀಕ್ಷೆಯಲ್ಲಿ, 0.05ರ ಮಟ್ಟದಲ್ಲಿ, ಮಧ್ಯಮ ಪರಿಣಾಮವೊಂದನ್ನು ನೂರಕ್ಕೆ ಎಂಬತ್ತು ಬಾರಿ ಹಿಡಿಯಬೇಕಾದರೆ ಪ್ರತಿ ಗುಂಪಿನಲ್ಲಿ 64 ಜನ ಬೇಕು. ದೊಡ್ಡ ಪರಿಣಾಮಕ್ಕೆ 26 ಜನ ಸಾಕು. ಸಣ್ಣದಕ್ಕೆ 390ಕ್ಕೂ ಹೆಚ್ಚು. ನಿಮ್ಮಲ್ಲಿದ್ದದ್ದು 30. ಅಂದರೆ ನಿದ್ದೆಗೆ ಮಧ್ಯಮ ಗಾತ್ರದ ಪರಿಣಾಮ ನಿಜವಾಗಿಯೂ ಇದ್ದರೂ, ನಿಮ್ಮ ಪರೀಕ್ಷೆ ಅದನ್ನು ಹಿಡಿಯುವ ಸಂಭವ ಸುಮಾರು 48 ಪ್ರತಿಶತ ಮಾತ್ರ, ನಾಣ್ಯ ಚಿಮ್ಮಿದಷ್ಟೇ. ಹೀಗಿರುವಾಗ 0.05ನ್ನು ದಾಟಲಾಗದ ಫಲಿತಾಂಶವನ್ನು ‘ಪರಿಣಾಮವಿಲ್ಲ’ ಎಂದು ಓದುವುದು, ಮಸುಕಾದ ದೀಪ ಹಿಡಿದು ಕೋಣೆಯ ಬಾಗಿಲಲ್ಲಿ ನಿಂತು ಒಳಗೆ ಏನೂ ಇಲ್ಲವೆಂದು ಹೇಳಿದಂತೆ. ಇದು ನಿಮ್ಮೊಬ್ಬರ ಕಥೆಯಲ್ಲ: ಕೋಹೆನ್ 1962ರಲ್ಲಿ ಒಂದು ಪ್ರಮುಖ ಮನೋವಿಜ್ಞಾನ ಪತ್ರಿಕೆಯ ಲೇಖನಗಳನ್ನು ಪರಿಶೀಲಿಸಿದಾಗ, ಮಧ್ಯಮ ಪರಿಣಾಮಗಳನ್ನು ಹಿಡಿಯುವ ಸರಾಸರಿ ಸಾಮರ್ಥ್ಯ ಅರ್ಧದಷ್ಟೂ ಇರಲಿಲ್ಲ.

ಸಾಮರ್ಥ್ಯ ಕಡಿಮೆಯಿದ್ದರೆ ನಿಜ ಪರಿಣಾಮಗಳು ತಪ್ಪಿಹೋಗುತ್ತವೆ ಎಂಬುದು ಅರ್ಧ ಮಾತು. ಇನ್ನರ್ಧವನ್ನು ಮೇಲಿನ ಸಾವಿರದ ಲೆಕ್ಕದಲ್ಲಿಯೇ ಕಾಣಬಹುದು. ನಿಜವಾದ ನೂರರಲ್ಲಿ 80ರ ಬದಲು 48ನ್ನೇ ಹಿಡಿದೆವೆಂದರೆ, ಹುಸಿ ‘ಯಶಸ್ಸು’ಗಳು ಮಾತ್ರ ಅದೇ 45 ಉಳಿಯುತ್ತವೆ, ಪ್ರಕಟವಾದದ್ದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹುಸಿಯಾಗುತ್ತದೆ. ಸಾಲದ್ದಕ್ಕೆ, ಸಣ್ಣ ಅಧ್ಯಯನದಲ್ಲಿ ಗೆರೆ ದಾಟುವುದು ಆಕಸ್ಮಿಕವಾಗಿ ಉಬ್ಬಿದ ವ್ಯತ್ಯಾಸಗಳು ಮಾತ್ರ. ನಿಮ್ಮ ಲೆಕ್ಕದಲ್ಲಿ ಪಿ 0.05 ಮುಟ್ಟಬೇಕಾದರೆ ವ್ಯತ್ಯಾಸ ಸುಮಾರು 2.07 ಪದಗಳಾದರೂ ಇರಬೇಕಿತ್ತು; ನಿಜವಾದ ಪರಿಣಾಮ 1.5 ಪದಗಳಷ್ಟೇ ಆಗಿದ್ದರೆ, ಗೆರೆ ದಾಟಿದ ಪ್ರತಿಯೊಂದು ಅಧ್ಯಯನವೂ ಅದನ್ನು ಹಿಗ್ಗಿಸಿಯೇ ಹೇಳಿರುತ್ತದೆ.

ಇನ್ನು ನಿಮಗೆ ಬಂದ ಸಲಹೆಗಳಿಗೆ ಬರೋಣ. ಪ್ರತಿ ಗುಂಪಿಗೆ ಹತ್ತು ಜನರನ್ನು ಸೇರಿಸಿ ನೋಡುವುದು ಕೇಳಲು ನಿರುಪದ್ರವಿ. ಹೆಚ್ಚು ಜನರಿದ್ದರೆ ಒಳ್ಳೆಯದೇ ಅಲ್ಲವೇ ಎನಿಸುತ್ತದೆ. ತೊಡಕಿರುವುದು ಸೇರಿಸುವುದರಲ್ಲಲ್ಲ, ಯಾವಾಗ ಸೇರಿಸುತ್ತೇವೆ ಎಂಬುದರಲ್ಲಿ. ಪಿ 0.04 ಬಂದಿದ್ದರೆ ನೀವು ಅಲ್ಲಿಗೇ ನಿಲ್ಲಿಸುತ್ತಿದ್ದಿರಿ, 0.07 ಬಂದದ್ದರಿಂದ ಮುಂದುವರಿಸುತ್ತೀರಿ. ಅಂದರೆ ಆಕಸ್ಮಿಕಕ್ಕೆ ನಿಮ್ಮನ್ನು ಮೋಸಗೊಳಿಸಲು ಒಂದರ ಬದಲು ಎರಡು ಅವಕಾಶ ಕೊಡುತ್ತೀರಿ. ಶೂನ್ಯ ಪ್ರಾಕ್ಕಲ್ಪನೆ ನಿಜವಾಗಿರುವಾಗ ಸಮಾನ ಅಂತರದಲ್ಲಿ ಎರಡು ಬಾರಿ ಇಣುಕಿ ನೋಡಿದರೆ ಹುಸಿ ಫಲಿತಾಂಶದ ಸಂಭವ 5ರಿಂದ ಸುಮಾರು 8 ಪ್ರತಿಶತಕ್ಕೂ, ಐದು ಬಾರಿ ನೋಡಿದರೆ ಸುಮಾರು 14ಕ್ಕೂ, ಹತ್ತು ಬಾರಿ ನೋಡಿದರೆ ಸುಮಾರು 19ಕ್ಕೂ ಏರುತ್ತದೆ. ಕಾರ್ಡುಗಳನ್ನು ನೆನಪಿಸಿಕೊಳ್ಳಿ: ‘60 ಕಾರ್ಡು, ಒಂದೇ ಹಂಚಿಕೆ’ ಎಂಬ ಆಟಕ್ಕೆ ಲೆಕ್ಕ ಹಾಕಿದ ಸಂಖ್ಯೆಯನ್ನು, ‘ಬೇಕಾದದ್ದು ಬರದಿದ್ದರೆ ಇನ್ನೊಂದಿಷ್ಟು ಕಾರ್ಡು ತರುತ್ತೇನೆ’ ಎಂಬ ಬೇರೆ ಆಟಕ್ಕೆ ಹಚ್ಚಲಾಗದು. ನಡುವೆ ನೋಡುವ ಹಕ್ಕನ್ನು ಮೊದಲೇ ಕಾದಿರಿಸಿಕೊಂಡು, ಪ್ರತಿ ನೋಟಕ್ಕೂ ಬಿಗಿಯಾದ ಮಟ್ಟವಿಟ್ಟು ನಡೆಸುವ ಅನುಕ್ರಮ ಪರೀಕ್ಷೆಗಳು ಇವೆ, ಅವು ನ್ಯಾಯವಾದವು. ಆದರೆ ಆ ಯೋಜನೆ ನಿಮ್ಮಲ್ಲಿ ಇರಲಿಲ್ಲ.

ಏಕಮುಖ ಪರೀಕ್ಷೆಯ ಸಲಹೆಯೂ ಇದೇ ರೋಗದ ಇನ್ನೊಂದು ಲಕ್ಷಣ. ನಿಮ್ಮ 0.07 ಅಲ್ಲಿ 0.035 ಆಗುತ್ತದೆ, ನಿಜ. ಆದರೆ ವ್ಯತ್ಯಾಸ ವಿರುದ್ಧ ದಿಕ್ಕಿನಲ್ಲಿ, ಅಂದರೆ ಮಲಗಿದವರೇ ಕಡಿಮೆ ಪದಗಳನ್ನು ಹೇಳಿ, ಅದು ಎಷ್ಟೇ ದೊಡ್ಡದಾಗಿದ್ದರೂ ‘ಏನೂ ಇಲ್ಲ’ ಎಂದು ಬಿಟ್ಟುಬಿಡುತ್ತಿದ್ದಿರಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಬಿಡುತ್ತಿರಲಿಲ್ಲವೆಂದಾದರೆ ನಿಮ್ಮ ಪ್ರಶ್ನೆ ದ್ವಿಮುಖವೇ. ದಿಕ್ಕನ್ನು ನೋಡಿ ದಿಕ್ಕನ್ನು ಆರಿಸಿದರೆ ಆಲ್ಫಾ ಕಾಗದದ ಮೇಲೆ 0.05, ವಾಸ್ತವದಲ್ಲಿ 0.10.

ಪ್ರತಿಕ್ರಿಯಾ ಸಮಯದ 0.03ರ ಬಗ್ಗೆ: ಮೂರು ಸ್ವತಂತ್ರ ಅಳತೆಗಳನ್ನು 0.05ರ ಮಟ್ಟದಲ್ಲಿ ಪರೀಕ್ಷಿಸಿದಾಗ ಒಂದರಲ್ಲಾದರೂ ಹುಸಿಯಾಗಿ ಗೆರೆ ದಾಟುವ ಸಂಭವ 14 ಪ್ರತಿಶತ. ಇಪ್ಪತ್ತು ಅಳತೆಗಳಾದರೆ 64. ಬಾನ್‌ಫೆರೋನಿ ತಿದ್ದುಪಡಿಯಂತೆ 0.05ನ್ನು ಮೂರಕ್ಕೆ ಹಂಚಿದರೆ ಪ್ರತಿಯೊಂದರ ಮಟ್ಟ 0.017 ಆಗುತ್ತದೆ, ನಿಮ್ಮ 0.03 ಅಲ್ಲಿ ನಿಲ್ಲುವುದಿಲ್ಲ. ಇದರ ಜೊತೆಗೆ ವಿಷಯಕ್ಕೆ ಸೇರಿದ ಒಂದು ಎಚ್ಚರವೂ ಇದೆ. ನಿದ್ದೆಯಿಂದ ಎದ್ದ ಕೂಡಲೇ ಕೆಲಹೊತ್ತು ಮಂಪರು ಇರುತ್ತದೆ, ಪ್ರತಿಕ್ರಿಯೆ ನಿಧಾನವಾಗುತ್ತದೆ. ಎದ್ದ ಎಷ್ಟು ಹೊತ್ತಿಗೆ ಅಳೆದಿರಿ, ಎಚ್ಚರವಿದ್ದವರು ಆ ತೊಂಬತ್ತು ನಿಮಿಷ ಏನು ಮಾಡುತ್ತಿದ್ದರು ಎಂಬುದನ್ನು ನೀವು ಬರೆದಿಲ್ಲ. ಅವರು ಓದುತ್ತಲೋ ಮಾತಾಡುತ್ತಲೋ ಇದ್ದರೆ, ಹೊಸ ಪದಗಳು ಹಳೆಯವನ್ನು ಅಳಿಸಿರಬಹುದು, ನಿದ್ದೆ ಅವನ್ನು ಕಾಪಾಡಿದ್ದಷ್ಟೇ ಆಗಿರಬಹುದು. ಯಾವ ಪಿ ಮೌಲ್ಯವೂ ಈ ಎರಡು ವಿವರಣೆಗಳ ನಡುವೆ ತೀರ್ಪು ಕೊಡಲಾರದು. ಹಾಗೆಯೇ ಯಾರು ಮಲಗಬೇಕೆಂಬುದನ್ನು ಯಾದೃಚ್ಛಿಕವಾಗಿ ನಿರ್ಧರಿಸದೆ, ಮಲಗಲು ಇಷ್ಟಪಟ್ಟವರನ್ನೇ ಮಲಗಿಸಿದ್ದರೆ, ಕಾರ್ಡು ಕಲೆಸುವ ತರ್ಕದ ಅಡಿಪಾಯವೇ ಕುಸಿಯುತ್ತದೆ.

ಇಂಥ ಸಣ್ಣ ಸಣ್ಣ ಸಡಿಲಿಕೆಗಳು ಸೇರಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಕ್ಷೇತ್ರ ಬೆಲೆ ತೆತ್ತು ಕಲಿತಿದೆ. 2011ರಲ್ಲಿ ಡಾರಿಲ್ ಬೆಮ್ ಎಂಬ ಹೆಸರಾಂತ ಸಾಮಾಜಿಕ ಮನೋವಿಜ್ಞಾನಿ, ಮನುಷ್ಯರು ಮುಂದಾಗುವುದನ್ನು ಮೊದಲೇ ಗ್ರಹಿಸಬಲ್ಲರೆಂದು ಹೇಳುವ ಒಂಬತ್ತು ಪ್ರಯೋಗಗಳನ್ನು ಒಂದು ಪ್ರತಿಷ್ಠಿತ ಪತ್ರಿಕೆಯಲ್ಲಿ ಪ್ರಕಟಿಸಿದರು. ವಿಶ್ಲೇಷಣೆಯಲ್ಲಿ ಎಲ್ಲರೂ ಬಳಸುತ್ತಿದ್ದ ಪರೀಕ್ಷೆಗಳೇ ಇದ್ದವು. ಅದೇ ವರ್ಷ ಸಿಮನ್ಸ್, ನೆಲ್ಸನ್ ಮತ್ತು ಸಿಮನ್‌ಸೋನ್ ಒಂದು ಹಾಡನ್ನು ಕೇಳಿದವರ ವಯಸ್ಸೇ ಸುಮಾರು ಒಂದೂವರೆ ವರ್ಷ ಕಡಿಮೆಯಾಯಿತೆಂದು ನಿಜವಾದ ದತ್ತಾಂಶದಿಂದ, 0.04ರ ಪಿ ಮೌಲ್ಯದೊಂದಿಗೆ, ‘ಸಾಬೀತು’ ಮಾಡಿ ತೋರಿಸಿದರು. ಅಸಾಧ್ಯವಾದದ್ದನ್ನೂ ಸಾಬೀತು ಮಾಡಬಹುದೆಂಬುದೇ ಅವರ ಉದ್ದೇಶವಾಗಿತ್ತು. ಎರಡು ಅಳತೆಗಳಲ್ಲಿ ಒಳ್ಳೆಯದನ್ನು ಆರಿಸುವುದು, ಪ್ರತಿ ಗುಂಪಿಗೆ ಹತ್ತು ಜನರನ್ನು ಸೇರಿಸಿ ನೋಡುವುದು (ಹೌದು, ನಿಮಗೆ ಬಂದ ಸಲಹೆಯೇ), ಲಿಂಗವನ್ನು ಲೆಕ್ಕಕ್ಕೆ ತೆಗೆದುಕೊಂಡು ನೋಡುವುದು, ಮೂರು ಗುಂಪುಗಳಲ್ಲಿ ಒಂದನ್ನು ಬಿಟ್ಟು ನೋಡುವುದು: ಈ ನಾಲ್ಕು ಸ್ವಾತಂತ್ರ್ಯಗಳು ಒಟ್ಟಿಗೆ ಸಿಕ್ಕರೆ ಹುಸಿ ಫಲಿತಾಂಶದ ಸಂಭವ 60 ಪ್ರತಿಶತವನ್ನು ದಾಟುತ್ತದೆ ಎಂಬುದು ಅವರ ಲೆಕ್ಕ. 2015ರಲ್ಲಿ ಹಲವು ದೇಶಗಳ ಸಂಶೋಧಕರು ಸೇರಿ ಪ್ರಕಟಿತ 100 ಮನೋವಿಜ್ಞಾನ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ, ಮೂಲದಲ್ಲಿ 97 ಪ್ರತಿಶತ ಗೆರೆ ದಾಟಿದ್ದವು, ಮರುಪ್ರಯೋಗದಲ್ಲಿ ದಾಟಿದ್ದು 36 ಪ್ರತಿಶತ. ಪರಿಣಾಮಗಳ ಗಾತ್ರ ಸರಾಸರಿ ಅರ್ಧಕ್ಕೆ ಇಳಿದಿತ್ತು. ಮೂಲ ಅಧ್ಯಯನಗಳನ್ನು ಮಾಡಿದ ಸಂಶೋಧಕರಲ್ಲಿ ಬಹುಪಾಲು ಜನ ಮೋಸಗಾರರಲ್ಲ. ನಿಮಗೆ ಸಲಹೆ ಕೊಟ್ಟವರಂತೆ, ಒಳ್ಳೆಯ ಮನಸ್ಸಿನಿಂದ, ದತ್ತಾಂಶಕ್ಕೆ ‘ಸ್ವಲ್ಪ ಸಹಾಯ’ ಮಾಡಿದವರು. ಅದಕ್ಕಾಗಿಯೇ ನಾನು ಈ ಮಾತನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹಾಗಾದರೆ 0.07ನ್ನು ಹೇಗೆ ಓದಬೇಕು? ಪಿ ಮೌಲ್ಯದ ಪಕ್ಕದಲ್ಲಿ ವಿಶ್ವಾಸ ಅಂತರವನ್ನು ಇಟ್ಟು ನೋಡಿ. ನಿಮ್ಮ ವ್ಯತ್ಯಾಸದ 95 ಪ್ರತಿಶತ ವಿಶ್ವಾಸ ಅಂತರ ಮೈನಸ್ 0.2 ಪದದಿಂದ ಪ್ಲಸ್ 4.0 ಪದಗಳವರೆಗೆ ಚಾಚಿದೆ. ನಿಮ್ಮ ದತ್ತಾಂಶದೊಂದಿಗೆ ಹೊಂದಿಕೊಳ್ಳಬಲ್ಲ ಪರಿಣಾಮಗಳ ಹರವು ಇದು ಎಂದು ತಿಳಿಯಿರಿ: ಸೊನ್ನೆಯೂ ಇದರೊಳಗಿದೆ, ಅತ್ಯಲ್ಪ ಹಾನಿಯೂ ಇದೆ, ನಾಲ್ಕು ಪದಗಳಷ್ಟು ದೊಡ್ಡ ಲಾಭವೂ ಇದೆ. ಪಿ 0.07 ಎಂಬ ಒಂಟಿ ಸಂಖ್ಯೆ ‘ಸೋಲು’ ಎಂದು ಕೇಳಿಸುತ್ತದೆ. ಈ ಅಂತರವಾದರೋ ‘ಪರಿಣಾಮ ಬಹುಶಃ ಧನಾತ್ಮಕ, ಆದರೆ ಅದರ ಗಾತ್ರದ ಬಗ್ಗೆ ನಮಗೆ ತಿಳಿದದ್ದು ತೀರಾ ಕಡಿಮೆ’ ಎಂಬ ನಿಜಸ್ಥಿತಿಯನ್ನು ಕಣ್ಣಿಗೆ ಕಟ್ಟುತ್ತದೆ. ಅಂತರವೇ ಇಷ್ಟು ಅಗಲವಿರುವಾಗ 0.049 ಬಂದಿದ್ದರೂ ನೀವು ಹೆಚ್ಚು ತಿಳಿದವರಾಗುತ್ತಿರಲಿಲ್ಲ. ಪರಿಣಾಮವಿಲ್ಲವೆಂದೇ ಹೇಳಬೇಕೆಂದಿದ್ದರೆ ಅದಕ್ಕೆ ಸಮಾನತಾ ಪರೀಕ್ಷೆಯೆಂಬ ಬೇರೆ ದಾರಿಯಿದೆ: ಇಷ್ಟಕ್ಕಿಂತ ಚಿಕ್ಕದಾದ ವ್ಯತ್ಯಾಸ ಲೆಕ್ಕಕ್ಕೆ ಬಾರದು ಎಂಬ ಮಿತಿಯನ್ನು, ಉದಾಹರಣೆಗೆ ಒಂದು ಪದ ಎಂದು, ಮೊದಲೇ ಇಟ್ಟು, ಅಂತರವೆಲ್ಲ ಆ ಮಿತಿಯೊಳಗೆ ಬೀಳುತ್ತದೆಯೇ ಎಂದು ನೋಡುವುದು. ನಿಮ್ಮ ಅಂತರ ಅದನ್ನು ಬಹಳ ಮೀರಿದೆ.

‘ಸಾರ್ಥಕ’ ಎಂಬ ಪದದ ಬಗ್ಗೆಯೂ ಜಾಗ್ರತೆ ಬೇಕು. ಸಂಖ್ಯಾಶಾಸ್ತ್ರದಲ್ಲಿ ಅದಕ್ಕಿರುವುದು ‘ಪಿ ಮೌಲ್ಯ ಗೆರೆಯ ಕೆಳಗಿದೆ’ ಎಂಬಷ್ಟೇ ಅರ್ಥ. ಹತ್ತು ಸಾವಿರ ಜನರನ್ನು ಪರೀಕ್ಷಿಸಿದರೆ ಯಾರ ಬದುಕಿಗೂ ಉಪಯೋಗವಿಲ್ಲದ ಅಣುವಿನಂಥ ವ್ಯತ್ಯಾಸವೂ ಸಾರ್ಥಕವಾಗುತ್ತದೆ. 2016ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರ ಸಂಘ ಹೊರಡಿಸಿದ ಹೇಳಿಕೆ ಇದನ್ನೇ ಸ್ಪಷ್ಟಪಡಿಸಿದೆ: ಪಿ ಮೌಲ್ಯ ಪರಿಣಾಮದ ಗಾತ್ರವನ್ನಾಗಲಿ ಮಹತ್ವವನ್ನಾಗಲಿ ಅಳೆಯುವುದಿಲ್ಲ, ವೈಜ್ಞಾನಿಕ ತೀರ್ಮಾನವನ್ನು ಅದೊಂದರ ಮೇಲೆ ನಿಲ್ಲಿಸಬಾರದು.

ಪರೀಕ್ಷೆಯ ಪೂರ್ವಷರತ್ತುಗಳ ಬಗ್ಗೆ ಎರಡೇ ಮಾತು. ಅಂಕಗಳು ಗಂಟೆಯಾಕಾರದಲ್ಲಿ ಹರಡಿವೆಯೇ ಎಂದು ವಿದ್ಯಾರ್ಥಿಗಳು ಬಹಳ ಚಿಂತಿಸುತ್ತಾರೆ. ಪ್ರತಿ ಗುಂಪಿನಲ್ಲಿ ಮೂವತ್ತು ಜನರಿದ್ದು, ಅಂಕಗಳು ಒಂದೇ ಕಡೆಗೆ ತೀರಾ ವಾಲಿರದಿದ್ದರೆ ಅದು ದೊಡ್ಡ ಸಮಸ್ಯೆಯಲ್ಲ. ನಿಜವಾಗಿಯೂ ಮುಖ್ಯವಾದದ್ದು ಒಬ್ಬರ ಅಂಕ ಇನ್ನೊಬ್ಬರದನ್ನು ಅವಲಂಬಿಸಿರಬಾರದು ಎಂಬುದು. ಐದಾರು ಜನರನ್ನು ಒಟ್ಟಿಗೆ ಕೂರಿಸಿ ಪದಪಟ್ಟಿ ಕಲಿಸಿದ್ದರೆ ಅದನ್ನು ಪ್ರಬಂಧದಲ್ಲಿ ಹೇಳಲೇಬೇಕು. ಗುಂಪುಗಳ ವಿಚಲನೆ ಸಮವೆಂದು ಭಾವಿಸದ ವೆಲ್ಚ್ ರೂಪದ ಟಿ ಪರೀಕ್ಷೆಯನ್ನೇ ಯಾವಾಗಲೂ ಬಳಸುವುದು ಒಳ್ಳೆಯ ಅಭ್ಯಾಸ. ನಿಮ್ಮ ದತ್ತಾಂಶದಲ್ಲಿ ಅದರಿಂದ ಉತ್ತರ ಬದಲಾಗುವುದಿಲ್ಲ.

ಇನ್ನು ಬರೆಯುವ ಮಾತು. ಮುಖ್ಯ ಫಲಿತಾಂಶವನ್ನು ಹೀಗೆ ಬರೆಯಬಹುದು: ‘ಮಲಗಿದ ಗುಂಪು ಎಚ್ಚರವಿದ್ದ ಗುಂಪಿಗಿಂತ ಸರಾಸರಿ 1.9 ಪದಗಳನ್ನು ಹೆಚ್ಚಾಗಿ ನೆನಪಿಸಿಕೊಂಡಿತು (95 ಪ್ರತಿಶತ ವಿಶ್ವಾಸ ಅಂತರ ಮೈನಸ್ 0.2ರಿಂದ 4.0, ಟಿ 1.84, ಸ್ವಾತಂತ್ರ್ಯದ ಅಂಶಗಳು 58, ದ್ವಿಮುಖ ಪಿ 0.071, ಪರಿಣಾಮದ ಗಾತ್ರ ಸುಮಾರು 0.48). ಪೂರ್ವನಿರ್ಧರಿತ 0.05ರ ಮಟ್ಟದಲ್ಲಿ ಶೂನ್ಯ ಪ್ರಾಕ್ಕಲ್ಪನೆಯನ್ನು ತಿರಸ್ಕರಿಸಲು ಸಾಧ್ಯವಾಗಲಿಲ್ಲ. ಮಧ್ಯಮ ಗಾತ್ರದ ಪರಿಣಾಮವನ್ನು ಹಿಡಿಯುವ ಸಾಮರ್ಥ್ಯ ಈ ಅಧ್ಯಯನಕ್ಕೆ ಸುಮಾರು 48 ಪ್ರತಿಶತ ಮಾತ್ರವಿದ್ದುದರಿಂದ, ಇದನ್ನು ಪರಿಣಾಮವಿಲ್ಲ ಎಂಬುದಕ್ಕೆ ಸಾಕ್ಷ್ಯವೆಂದು ಪರಿಗಣಿಸಲಾಗದು.’ (ಸ್ವಾತಂತ್ರ್ಯದ ಅಂಶಗಳು ಎಂದರೆ ಇಲ್ಲಿ 60 ಅಂಕಗಳಿಂದ ಎರಡು ಸರಾಸರಿಗಳಿಗಾಗಿ ಎರಡನ್ನು ಕಳೆದ ಸಂಖ್ಯೆ.) ‘ಶೂನ್ಯ ಪ್ರಾಕ್ಕಲ್ಪನೆಯನ್ನು ಸ್ವೀಕರಿಸಲಾಯಿತು’ ಎಂದು ಬರೆಯಬೇಡಿ. ‘ಸಾರ್ಥಕತೆಯ ಸಮೀಪ ಬಂದಿದೆ’ ಎಂದೂ ಬರೆಯಬೇಡಿ, ಏಕೆಂದರೆ ಪಿ ಮೌಲ್ಯ ಎತ್ತಲೋ ಹೊರಟು ಹತ್ತಿರ ಬರುತ್ತಿರುವ ಪ್ರಯಾಣಿಕನಲ್ಲ. ಉಳಿದೆರಡು ಅಳತೆಗಳನ್ನೂ, ಮನಃಸ್ಥಿತಿಯನ್ನೂ ಬಿಡದೆ, ಅನ್ವೇಷಣಾತ್ಮಕ ಎಂಬ ಶೀರ್ಷಿಕೆಯಡಿ ಪೂರ್ತಿಯಾಗಿ ಕೊಡಿ.

ಸಮಯವಿದ್ದರೆ ಹೊಸದಾಗಿ ಇನ್ನೊಂದು ಪ್ರಯೋಗ ಮಾಡಿ. ಪದಗಳ ಸಂಖ್ಯೆಯೇ ಮುಖ್ಯ ಅಳತೆ, ಪರೀಕ್ಷೆ ದ್ವಿಮುಖವೋ ಏಕಮುಖವೋ, ಎಷ್ಟು ಜನ, ಯಾರನ್ನು ಯಾವ ಕಾರಣಕ್ಕೆ ಬಿಡಲಾಗುವುದು, ಎಚ್ಚರವಿದ್ದವರು ಏನು ಮಾಡುತ್ತಿರಬೇಕು, ಎದ್ದ ಎಷ್ಟು ಹೊತ್ತಿಗೆ ಅಳೆಯಲಾಗುವುದು ಎಂಬುದನ್ನೆಲ್ಲ ಮೊದಲ ವ್ಯಕ್ತಿ ಕೋಣೆಗೆ ಕಾಲಿಡುವ ಮುನ್ನ ಬರೆದು, ದಿನಾಂಕ ಸಮೇತ ಬಹಿರಂಗ ನೋಂದಣಿ ತಾಣದಲ್ಲಿ ದಾಖಲಿಸಿ. ಈಗ ಕಂಡ 0.48ನ್ನೇ ನಂಬಿ ಜನರ ಸಂಖ್ಯೆಯನ್ನು ನಿಗದಿ ಮಾಡಬೇಡಿ, ಅದು ಅಲುಗಾಡುವ ಅಂದಾಜು; 0.4 ಎಂದುಕೊಂಡು ಪ್ರತಿ ಗುಂಪಿಗೆ ಸುಮಾರು 100 ಜನರನ್ನು ಗುರಿಯಾಗಿಟ್ಟುಕೊಂಡರೆ 80 ಪ್ರತಿಶತ ಸಾಮರ್ಥ್ಯ ದೊರೆಯುತ್ತದೆ. ಈಗಿನ 60 ಜನರ ದತ್ತಾಂಶವನ್ನು ಅದಕ್ಕೆ ಬೆರೆಸಬೇಡಿ. ಎರಡೂ ಮುಗಿದ ಮೇಲೆ ಎರಡು ಅಂದಾಜುಗಳನ್ನು, ಅವುಗಳ ಫಲಿತಾಂಶ ಯಾವ ಕಡೆಗಿದ್ದರೂ, ಮೆಟಾ ವಿಶ್ಲೇಷಣೆಯಲ್ಲಿ ಒಟ್ಟುಗೂಡಿಸಿ ವರದಿ ಮಾಡಿ.